ತಾಮ್ರದ ಮೇಲೆ ಹೆಸರು ಬರೆದ ಡಯಾನಾ

ಕೊಹಿನೂರು ಸೀಮೆಯವರಾದ ನಮಗೆ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯ ದೇವಾಲಯ ದೂರದ್ದಲ್ಲ. ಚಾಲುಕ್ಯ ವಿಕ್ರಮಾದಿತ್ಯನ ಕೀರ್ತಿಯನ್ನು ಬರೆಯುತ್ತ ನಿಂತ ಶಿಲಾಬಾಲಿಕೆಯೊಬ್ಬಳು ಅಲ್ಲಿದ್ದಾಳೆ. ಆಕೆ ಬರೆಯುವುದು ಅರಸನ ಹೆಸರನ್ನು. ತನ್ನ ಕೆತ್ತನೆಗೆ ತನ್ನ ಹೆಸರನ್ನೇ ಬರೆದ ಸ್ತ್ರೀಯೊಬ್ಬಳು ಹದಿನಾರನೆಯ ಶತಮಾನದ ಇಟಲಿಯಲ್ಲಿ ಬಾಳಿದಳು.

ಡಯಾನಾ 1547ರ ಸುಮಾರಿಗೆ ಮಾಂಟುವಾ ನಗರದಲ್ಲಿ ಜನಿಸಿದಳು. ಹೆಣ್ಣುಮಕ್ಕಳಿಗೆ ಕಲಾಶಾಲೆಗಳ ಬಾಗಿಲು ಸುಲಭವಾಗಿ ತೆರೆಯದ ಕಾಲವದು. ಕೆತ್ತನೆಗಾರನಾಗಿದ್ದ ತಂದೆ ಜೊವಾನ್ನಿ ಬತ್ತಿಸ್ತಾನೇ ಆಕೆಗೆ ಗುರುವಾದನು. ಕಲಾವಿದರ ಚರಿತ್ರೆ ಬರೆದ ವಸಾರಿಯು 1568ರ ತನ್ನ ಗ್ರಂಥದಲ್ಲಿ ಈ ತರುಣಿಯನ್ನು ಮೆಚ್ಚುಗೆಯಿಂದ ಸ್ಮರಿಸಿದನು.

1575 ಜ್ಯೂಬಿಲಿ ವರ್ಷ; ರೋಮಿನಲ್ಲಿ ಯಾತ್ರಿಕರ ಮಹಾಪ್ರವಾಹ. ಆ ವರ್ಷ ಡಯಾನಾ ವಾಸ್ತುಶಿಲ್ಪಿಯಾದ ಪತಿ ಫ್ರಾನ್ಚೆಸ್ಕೊನೊಡನೆ ಅಲ್ಲಿ ನೆಲೆಸಿದಳು. ಜೂನ್ 5ರಂದು ಜಗದ್ಗುರು ಹದಿಮೂರನೆಯ ಗ್ರೆಗೋರಿಯವರು ಆಕೆಯ ಅಚ್ಚುಚಿತ್ರಗಳನ್ನು ಇತರರು ನಕಲು ಮಾಡದಂತೆ ರಕ್ಷಣೆಯ ಸನ್ನದನ್ನು ದಯಪಾಲಿಸಿದರು. ಸ್ತ್ರೀಯ ದುಡಿಮೆಗೆ ದೊರೆತ ಈ ಮಾನ್ಯತೆ ಆ ಕಾಲಕ್ಕೆ ಅಪೂರ್ವವಾದುದು.

ರೋಮಿನ ಕ್ಯಾಪಿಟೋಲಿನ್ ಗುಡ್ಡದ ಮೇಲೆ ಪುರಾತನ ಕಂಚಿನ ವಿಗ್ರಹವೊಂದಿದೆ. ಬಾಲಕನೊಬ್ಬ ಬಂಡೆಯ ಮೇಲೆ ಕುಳಿತು ಎಡಗಾಲಿಗೆ ಚುಚ್ಚಿದ ಮುಳ್ಳನ್ನು ತೆಗೆಯುತ್ತಿದ್ದಾನೆ. ನಾಲ್ಕನೆಯ ಸಿಕ್ಸ್ಟಸ್ ಜಗದ್ಗುರುಗಳು 1471ರಲ್ಲಿ ಅದನ್ನು ರೋಮಿನ ಜನತೆಗೆ ಒಪ್ಪಿಸಿದ್ದರು. 1581ರಲ್ಲಿ ಡಯಾನಾ ಅದನ್ನು ಕೆತ್ತಿ ಅಚ್ಚಿಗಿಳಿಸಿದಳು. ತಾಮ್ರದ ತಗಡಿನಲ್ಲಿ ಗೆರೆಗಳನ್ನು ಕೊರೆದು, ಅವುಗಳಲ್ಲಿ ಮಸಿ ತುಂಬಿ, ಮೇಲ್ಮೈಯನ್ನು ಒರೆಸಿ, ಒದ್ದೆ ಕಾಗದವನ್ನು ಬಲವಾಗಿ ಒತ್ತುವ ಶ್ರಮದ ವಿದ್ಯೆಯಿದು. ಹೀಗೆ ಒಂದೇ ಊರಿನ ವಿಗ್ರಹ ಹಲವು ಊರುಗಳ ಮನೆಗಳನ್ನು ತಲುಪುವಂತಾಯಿತು.

ಅನುಕರಣೆಯು ಸತ್ಯದಿಂದ ದೂರವೆಂದು ಪ್ಲೇಟೋ ಭಾವಿಸಿದ್ದನು. ಡಯಾನಾಳ ಬಾಳು ಬೇರೊಂದು ಪಾಠವನ್ನು ಹೇಳುತ್ತದೆ. ಆಕೆ ಕೆತ್ತಿದುದು ಬಹುಪಾಲು ಪರರ ಕೃತಿಗಳನ್ನೇ. ಮೂಲಕ್ಕೆ ನಿಷ್ಠಳಾಗಿರುವುದು ಆಕೆಯ ವಿನಯ. ಕೆಳಗೆ ತನ್ನ ಹೆಸರನ್ನಿಡುವುದು ಆಕೆಯ ಆತ್ಮಗೌರವ. ಹಲವು ಅಚ್ಚುಗಳಲ್ಲಿ ತವರಾದ ಮಾಂಟುವಾವನ್ನೂ ಪತಿಯ ಊರಾದ ವೊಲ್ತೆರ್ರಾವನ್ನೂ ಆಕೆ ಜೊತೆಯಾಗಿ ನಮೂದಿಸಿದಳು.

1578ರಲ್ಲಿ ಆಕೆಗೆ ಪುತ್ರನು ಜನಿಸಿದನು. 1588ರ ಅನಂತರದ ತಾರೀಖನ್ನು ಹೊತ್ತ ಆಕೆಯ ಕೆತ್ತನೆಗಳಿಲ್ಲ. 1594ರಲ್ಲಿ ಪತಿ ತೀರಿಕೊಂಡನು. ಎರಡು ವರ್ಷಗಳ ತರುವಾಯ ಆಕೆ ಮರುವಿವಾಹವಾದಳು. 1612ರಲ್ಲಿ ಇಹಲೋಕವನ್ನು ತ್ಯಜಿಸಿದಳು.

ನಮ್ಮ ತಾಯಂದಿರು ಹೊಲಿದ ಕೌದಿಗಳ ಮೇಲೆ ಅವರ ಹೆಸರಿಲ್ಲ. ಮಗಳ ಕೈಗೆ ಉಳಿಯನ್ನು ಕೊಟ್ಟ ಆ ತಂದೆಯನ್ನು ನೆನೆದು, ನಮ್ಮ ಹೆಣ್ಣುಮಕ್ಕಳ ಕೈಗೆ ನಾವೇನು ಕೊಟ್ಟಿದ್ದೇವೆಂದು ಪ್ರತಿಯೊಂದು ಕುಟುಂಬವೂ ಕೇಳಿಕೊಳ್ಳಲಿ.