ರೈಲಿಗೆ ಲೆಕ್ಕ ಕೇಳಿದ ಎಂಜಿನಿಯರ್

ಹೊಸ ಹೆದ್ದಾರಿಯೋ ಬಂದರೋ ಸರಕು ರೈಲು ಮಾರ್ಗವೋ ಘೋಷಣೆಯಾದಾಗ ನಮಗೆ ಸಿಗೋದು ಎರಡೇ ಅಂಕಿ: ಎಷ್ಟು ಕೋಟಿ, ಎಷ್ಟು ಕಿಲೋಮೀಟರ್. ಒಂದು ಟನ್ ಜೋಳ ಸಾಗಿಸೋ ಖರ್ಚು ಎಷ್ಟು ಇಳಿಯುತ್ತೆ, ಹಾಗೆ ಉಳಿದ ದುಡ್ಡು ಯಾರ ಜೇಬಿಗೆ ಹೋಗುತ್ತೆ ಅಂತ ಕೇಳೋರು ಕಡಿಮೆ. ನಾನು ಎಂಜಿನಿಯರಿಂಗ್ ಓದಿದ ನಾಲ್ಕು ವರ್ಷದಲ್ಲಿ ಈ ಪ್ರಶ್ನೆ ಒಂದು ಪರೀಕ್ಷೆಯಲ್ಲೂ ಬರಲಿಲ್ಲ. ಆದರೆ ಸುಮಾರು ನೂರೈವತ್ತು ವರ್ಷದ ಹಿಂದೆಯೇ ಇದನ್ನು ಹಟ ಹಿಡಿದು ಕೇಳಿದ ಒಬ್ಬ ಎಂಜಿನಿಯರ್ ಇದ್ದ. ಹೆಸರು ಆರ್ಥರ್ ಕಾಟನ್.

1803ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಕಾಟನ್ ಹದಿಹರೆಯದಲ್ಲೇ ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಎಂಜಿನಿಯರ್ಸ್ ಸೇರಿ, 1821ರಲ್ಲಿ ಭಾರತಕ್ಕೆ ಬಂದ. ಮರಳಿನ ಮೇಲೂ ಅಣೆಕಟ್ಟು ನಿಲ್ಲುತ್ತೆ ಅನ್ನೋದನ್ನು ಆತ ಕಲಿತದ್ದು ಕಾವೇರಿಯ ಕಲ್ಲಣೈ ನೋಡಿ, ಅಂದರೆ ಚೋಳರಿಂದ. 1847ರಿಂದ 1852ರವರೆಗೆ ಧವಳೇಶ್ವರದಲ್ಲಿ ಗೋದಾವರಿಗೆ ಅಣೆಕಟ್ಟು ಕಟ್ಟಿದ. ಬರ, ಚಂಡಮಾರುತಗಳಿಂದ ಸೊರಗಿದ್ದ ಆ ಸೀಮೆ ಭತ್ತದ ಕಣಜವಾಯಿತು. ಅಲ್ಲಿನ ಕಾಲುವೆಗಳಲ್ಲಿ ನೀರಷ್ಟೇ ಅಲ್ಲ, ಸರಕು ತುಂಬಿದ ದೋಣಿಗಳೂ ಹರಿದಾಡಿದವು. ಆಂಧ್ರದಲ್ಲಿ ಇವತ್ತಿಗೂ ಆತನ ಪ್ರತಿಮೆಗಳಿಗೆ ಹಾರ ಬೀಳುತ್ತೆ.

ಕಾಟನ್‌ಗೆ ರೈಲು ಅಂದ್ರೆ ಗೊತ್ತಿಲ್ಲದ ವಸ್ತುವೇನಲ್ಲ. 1837ರ ಹೊತ್ತಿಗೆ ಮದ್ರಾಸಿನ ಬಳಿ ರೆಡ್ ಹಿಲ್ಸ್‌ನಿಂದ ರಸ್ತೆ ಕೆಲಸಕ್ಕೆ ಕಲ್ಲು ಸಾಗಿಸಲು ಪುಟ್ಟ ರೈಲು ಹಾದಿ ಹಾಕಿಸಿದವರಲ್ಲಿ ಆತನೇ ಮುಖ್ಯ. ಆತನ ತಕರಾರು ಇದ್ದದ್ದು ದುಡ್ಡಿನ ಲೆಕ್ಕದ ಬಗ್ಗೆ. 1849ರಿಂದ ಬ್ರಿಟಿಷ್ ರೈಲು ಕಂಪನಿಗಳಿಗೆ ಹೂಡಿದ ಬಂಡವಾಳದ ಮೇಲೆ ಶೇ 5ರಷ್ಟು ಆದಾಯದ ಖಾತರಿ ಇತ್ತು. ರೈಲು ಅಷ್ಟು ದುಡಿಯದಿದ್ದರೆ ಉಳಿದದ್ದನ್ನು ತುಂಬಿಕೊಡೋದು ಭಾರತದ ತೆರಿಗೆದಾರ. ಹೆಚ್ಚು ಖರ್ಚು ಮಾಡಿದರೆ ಕಂಪನಿಗೆ ನಷ್ಟವಿಲ್ಲ ಅಂದಮೇಲೆ ಕೈ ಬಿಗಿ ಹಿಡಿಯೋರು ಯಾರು? ಮೈಲಿಗೆ 8,000 ಪೌಂಡ್ ಅಂತ ಅಂದಾಜಿಸಿದ್ದ ಮಾರ್ಗಗಳು ಸರಾಸರಿ 18,000 ಪೌಂಡ್ ನುಂಗಿದವು.

ಕಾಟನ್ ವಾದ ಸರಳ. ವೇಗ ಬೇಕಾಗಿರೋದು ಸೈನಿಕರಿಗೆ, ಟಪಾಲಿಗೆ. ಬಡ ದೇಶದಲ್ಲಿ ಸಾಗಬೇಕಾಗಿರೋದು ಧಾನ್ಯ, ಉಪ್ಪು, ಹತ್ತಿ. ಅಂದರೆ ತೂಕ ಜಾಸ್ತಿ, ಬೆಲೆ ಕಡಿಮೆ ಇರೋ ಸರಕು. ಬಾಡಿಗೆಯೇ ಬೆಲೆಯನ್ನು ತಿಂದು ಹಾಕಿದರೆ ಒಳನಾಡಿನ ರೈತ ಬೆಳೆದೂ ಮಾರಲಾರ. ಹಾಗಾಗಿ ಹೊಲಕ್ಕೆ ನೀರುಣಿಸೋ ಕಾಲುವೆಯಲ್ಲೇ ದೋಣಿಯೂ ಓಡಲಿ ಅನ್ನೋದು ಆತನ ಪಟ್ಟು.

1876–78ರ ಭೀಕರ ಬರದಲ್ಲಿ ಬಳ್ಳಾರಿ, ಮೈಸೂರು ಸೀಮೆಗಳು ನರಳಿದವು. ರೈಲು ಮದ್ರಾಸ್ ಪ್ರಾಂತ್ಯಕ್ಕೆ ಧಾನ್ಯ ತಂತು, ಆದರೆ ಕೊಳ್ಳಲು ಕಾಸಿಲ್ಲದವರಿಗೆ ಅದು ದಕ್ಕಲಿಲ್ಲ. 1878ರಲ್ಲಿ, ತನ್ನ 75ನೇ ವಯಸ್ಸಿನಲ್ಲಿ, ಕಾಟನ್ ಬ್ರಿಟಿಷ್ ಸಂಸತ್ತಿನ ಸಮಿತಿ ಮುಂದೆ ನಿಂತ. ರೈಲಿನಿಂದ ಬೊಕ್ಕಸಕ್ಕೆ ವರ್ಷಕ್ಕೆ 30 ಲಕ್ಷ ಪೌಂಡ್ ಹೊರೆ ಬೀಳ್ತಿದೆ, ರೈಲು ಹಾಕಲು ಆದ ಖರ್ಚಿನ ಎಂಟನೇ ಒಂದು ಪಾಲಲ್ಲಿ ಕಾಲುವೆ ಜಾಲ ಆಗ್ತಿತ್ತು ಅಂತ ವಾದಿಸಿದ. ಆ ಜಾಲದಲ್ಲಿ ನಮ್ಮದೊಂದು ದಾರಿಯೂ ಇತ್ತು: ತುಂಗಭದ್ರೆಯ ಗುಂಟ ಮೇಲೇರಿ ಕಾರವಾರಕ್ಕೆ. ಸಹ್ಯಾದ್ರಿ ನೋಡಿದವರಿಗೆ ಆ ಕನಸು ಎಷ್ಟು ದುಬಾರಿ ಅನ್ನೋದು ಹೇಳದೆಯೂ ಗೊತ್ತಾಗುತ್ತೆ. ಸಮಿತಿ ಒಪ್ಪಲಿಲ್ಲ.

ಒಪ್ಪದಿರಲು ಕಾರಣವೂ ಇತ್ತು. ತುಂಗಭದ್ರೆಯಿಂದಲೇ ಹೊರಟ ಕರ್ನೂಲು–ಕಡಪ ಕಾಲುವೆ ಕಾಟನ್ ವಿಚಾರದಿಂದ ಹುಟ್ಟಿದ್ದು. ಕಟ್ಟಿದ್ದು ಖಾಸಗಿ ಕಂಪನಿ, ಅದಕ್ಕೂ ಅದೇ ಶೇ 5ರ ಖಾತರಿ! ಖರ್ಚು ಕೈಮೀರಿತು. ಕಪ್ಪು ಮಣ್ಣಿನ ರೈತರು ಎಣಿಸಿದಷ್ಟು ನೀರು ಕೊಳ್ಳಲಿಲ್ಲ, ದೋಣಿಗಳೂ ಅಷ್ಟಾಗಿ ಬರಲಿಲ್ಲ. 1882ರಲ್ಲಿ ಸರ್ಕಾರವೇ ಅದನ್ನು ಕೊಂಡುಕೊಳ್ಳಬೇಕಾಯ್ತು. ರೈಲಿಗೆ ಕೇಳಿದ ಪ್ರಶ್ನೆಯನ್ನು ಕಾಟನ್ ತನ್ನ ಕಾಲುವೆಗೆ ಅಷ್ಟೇ ಕಟ್ಟುನಿಟ್ಟಾಗಿ ಕೇಳಲಿಲ್ಲ. ಇನ್ನೊಂದು ಮಾತು: ಆತನ ಬೆನ್ನಿಗಿದ್ದವರಲ್ಲಿ ಮ್ಯಾಂಚೆಸ್ಟರ್ ಗಿರಣಿಯವರೂ ಇದ್ದರು. ಅವರಿಗೆ ಬೇಕಿದ್ದದ್ದು ಅಗ್ಗದ ಹತ್ತಿ, ನಮ್ಮ ರೈತನ ಏಳಿಗೆ ಅಲ್ಲ.

ರೈಲು ಪೂರ್ತಿ ಸೋತಿದೆ ಅನ್ನೋ ಆತನ ತೀರ್ಪೂ ನಿಲ್ಲಲಿಲ್ಲ. ಅರ್ಥಶಾಸ್ತ್ರಜ್ಞ ಡೇವ್ ಡೊನಾಲ್ಡ್‌ಸನ್ ಬ್ರಿಟಿಷ್ ಕಾಲದ ಉಪ್ಪಿನ ಬೆಲೆಗಳನ್ನು ಹಿಡಿದು ಸಾಗಣೆ ಖರ್ಚು ಲೆಕ್ಕ ಹಾಕಿದರು. ಒಂದೊಂದು ಬಗೆಯ ಉಪ್ಪು ಒಂದೊಂದೇ ಕಡೆ ತಯಾರಾಗ್ತಿತ್ತು. ಹಾಗಾಗಿ ಅಲ್ಲಿನ ಬೆಲೆಗೂ ದೂರದ ಊರಿನ ಬೆಲೆಗೂ ಇರೋ ಅಂತರವೇ ಸಾಗಣೆ ಖರ್ಚು. ಅವರ ಲೆಕ್ಕದಲ್ಲಿ, ರೈಲು ಬಂದ ಜಿಲ್ಲೆಗಳ ನೈಜ ಕೃಷಿ ಆದಾಯ ಸುಮಾರು ಶೇ 16ರಷ್ಟು ಏರಿತು. ಆದರೆ ಈ ಲಾಭ ಇದ್ದಮಾತ್ರಕ್ಕೆ ಖಾತರಿಯ ಹೊರೆ ನ್ಯಾಯವಾಗಲ್ಲ. ಲಾಭ ಎಷ್ಟು ಅನ್ನೋದು ಒಂದು ಪ್ರಶ್ನೆ, ಬಿಲ್ ಕಟ್ಟಿದ್ದು ಯಾರು ಅನ್ನೋದು ಇನ್ನೊಂದು.

ಕಾಟನ್ 1899ರಲ್ಲಿ, 96 ವರ್ಷ ಬಾಳಿ ತೀರಿಕೊಂಡ. ಆತನ ಜಗಳ ಮಾತ್ರ ಇನ್ನೂ ಜೀವಂತ. 2016ರ ಕಾಯ್ದೆ 111 ಜಲಮಾರ್ಗಗಳನ್ನು ರಾಷ್ಟ್ರೀಯ ಅಂತ ಘೋಷಿಸಿತು. ಒಳನಾಡಿಂದ ಕಾರವಾರದ ಕಡಲಿಗೆ ದಾರಿ ಹುಡುಕೋ ಹುಬ್ಬಳ್ಳಿ–ಅಂಕೋಲಾ ರೈಲು ದಶಕಗಳಿಂದ ಕಾಡು ಮತ್ತು ಅದಿರಿನ ನಡುವೆ ಸಿಕ್ಕಿಕೊಂಡಿದೆ. ಇಂಥ ಯೋಜನೆಗೆ ಜೈ ಅನ್ನೋ ಮುಂಚೆಯೂ ಧಿಕ್ಕಾರ ಅನ್ನೋ ಮುಂಚೆಯೂ ಮೂರು ಪ್ರಶ್ನೆ ಕೇಳಿ. ಟನ್ನಿಗೆ ಖರ್ಚು ಎಷ್ಟು ಇಳಿಯುತ್ತೆ? ಅದೇ ದುಡ್ಡಲ್ಲಿ ಬೇರೇನು ಮಾಡಬಹುದಿತ್ತು? ಎಣಿಸಿದಷ್ಟು ಸರಕು ಬರದಿದ್ದರೆ ನಷ್ಟ ಯಾರ ತಲೆಗೆ? ಮೂರನೆಯದಕ್ಕೆ ಉತ್ತರ ಸಿಗದಿದ್ದರೆ, ಅದು ನಿಮ್ಮ ತಲೆಗೇ ಅಂತ ತಿಳ್ಕೊಳ್ಳಿ.