ಮಾರಿಯಸ್‌ನ ಹೇಸರಗತ್ತೆಗಳು

ರೋಮನ್ ಸೈನ್ಯ ಅಂದ್ರೆ ನಮಗೆಲ್ಲ ಮೊದಲು ನೆನಪಾಗೋದು ಜೂಲಿಯಸ್ ಸೀಸರ್. ನಾನು ಹೇಳೋಕೆ ಹೊರಟಿರೋದು ಅವನ ಮಾವನ ಕಥೆ. ಸೀಸರ್‌ನ ಸೋದರತ್ತೆ ಜೂಲಿಯಾಳ ಗಂಡ, ಗಾಯಸ್ ಮಾರಿಯಸ್.

ಕ್ರಿ.ಪೂ. 157ರ ಸುಮಾರಿಗೆ ಆರ್ಪಿನಮ್ ಎಂಬ ಸಣ್ಣ ಊರಿನ ಹತ್ತಿರ ಹುಟ್ಟಿದ. ರೋಮ್‌ನ ದೊಡ್ಡ ಮನೆತನದವನಲ್ಲ. ಸ್ಪೇನ್‌ನ ನುಮಾಂಟಿಯಾ ಮುತ್ತಿಗೆಯಲ್ಲಿ ಯುದ್ಧ ಕಲಿತ. ಕ್ರಿ.ಪೂ. 107ರಲ್ಲಿ ಕಾನ್ಸಲ್ ಆದ, ಅಂದ್ರೆ ಆ ವರ್ಷಕ್ಕೆ ರಾಜ್ಯ ನಡೆಸೋ ಇಬ್ಬರಲ್ಲಿ ಒಬ್ಬ.

ಆಗ ಆಫ್ರಿಕಾದಲ್ಲಿ ಜುಗುರ್ಥ ಎಂಬ ರಾಜನ ಜೊತೆ ಯುದ್ಧ ನಡೀತಿತ್ತು. ಸೈನ್ಯ ಸೇರೋಕೆ ಸ್ವಲ್ಪವಾದ್ರೂ ಆಸ್ತಿ ಇರಬೇಕು ಅನ್ನೋದು ಹಳೇ ನಿಯಮ. ಮಾರಿಯಸ್ ಅದನ್ನ ಬದಿಗಿಟ್ಟು, ಏನೂ ಇಲ್ಲದ ಬಡವರನ್ನೂ ಸೇರಿಸಿಕೊಂಡ.

ಅವರಿಗೆ ಕೆಲಸವೋ ಕೆಲಸ! ಊಟದ ಸಾಮಾನು, ಪಾತ್ರೆ, ಗುದ್ದಲಿ ಎಲ್ಲ ಅವರ ಹೆಗಲ ಮೇಲೇ. ಜನ ಅವರನ್ನ ಮಾರಿಯಸ್‌ನ ಹೇಸರಗತ್ತೆಗಳು ಅಂತ ಆಡಿಕೊಂಡರು. ಜರ್ಮಾನಿಕ್ ಬುಡಕಟ್ಟುಗಳು ಬರೋದನ್ನ ಕಾಯ್ತಾ ಇದ್ದಾಗಲೂ ಸುಮ್ಮನೆ ಕೂರಿಸಲಿಲ್ಲ. ರೋನ್ ನದಿಯ ಬಾಯಲ್ಲಿ ಹೂಳು ತುಂಬಿ ದವಸದ ಹಡಗು ಬರೋದು ಕಷ್ಟ ಆಗಿತ್ತು, ಅದಕ್ಕೆ ಸೈನಿಕರಿಂದಲೇ ಕಾಲುವೆ ತೋಡಿಸಿದ.

ಮೆಕ್ಯಾನಿಕಲ್‌ನವರು ಇದನ್ನ ಓದಲೇಬೇಕು. ಎಸೆಯೋ ಈಟಿಯ ಕಬ್ಬಿಣದ ಭಾಗವನ್ನ ಮರದ ಹಿಡಿಗೆ ಎರಡು ಕಬ್ಬಿಣದ ಮೊಳೆ ಹಾಕಿ ಕೂರಿಸ್ತಿದ್ರು. ಪ್ಲೂಟಾರ್ಕ್ ಬರೆದ ಪ್ರಕಾರ ಮಾರಿಯಸ್ ಒಂದನ್ನ ತೆಗೆದು ಮರದ ಮೊಳೆ ಹಾಕಿಸಿದ. ಈಟಿ ಶತ್ರುವಿನ ಗುರಾಣಿಗೆ ನಾಟಿದ ಕೂಡಲೇ ಮರದ ಮೊಳೆ ಮುರೀತು, ಹಿಡಿ ಜೋತುಬಿತ್ತು, ಗುರಾಣಿ ಎತ್ತೋಕೇ ಆಗಲ್ಲ. ನಮ್ಮ ಶಿಯರ್ ಪಿನ್ ನೆನಪಾಗಲ್ವಾ?

ಕ್ರಿ.ಪೂ. 102ರಲ್ಲಿ ಟ್ಯೂಟನ್ನರನ್ನ, ಮರುವರ್ಷ ಸಿಂಬ್ರಿಗಳನ್ನ ಸೋಲಿಸಿದ. ಸತತ 5 ವರ್ಷ ಕಾನ್ಸಲ್.

ಆದರೆ ಒಂದು ವಿಷಯ ಬಾಕಿ ಇತ್ತು. ಯುದ್ಧ ಮುಗಿದ ಮೇಲೆ ಈ ಬಡ ಸೈನಿಕ ಎಲ್ಲಿಗೆ ಹೋಗಬೇಕು? ಅವನಿಗೆ ವಾಪಸ್ ಹೋಗೋಕೆ ಹೊಲ ಇಲ್ಲ, ಸರ್ಕಾರದ ಪಿಂಚಣಿಯೂ ಇಲ್ಲ. ಭೂಮಿ, ಲೂಟಿ ಏನೇ ಸಿಕ್ಕರೂ ಅದು ದಂಡನಾಯಕನ ಕೈಯಿಂದಲೇ. ಹಾಗಾಗಿ ಸೈನಿಕನ ನಿಷ್ಠೆ ಮೆಲ್ಲಗೆ ರೋಮ್‌ನಿಂದ ನಾಯಕನ ಕಡೆ ವಾಲಿತು. ನನಗನಿಸೋದು, ಮಾರಿಯಸ್‌ಗೆ ಇದು ಗೊತ್ತಿತ್ತು, ಆದ್ರೆ ತನ್ನ ಮೇಲೇ ತಿರುಗಬಹುದು ಅಂತ ಅವನು ಅಂದುಕೊಂಡಿರಲಿಲ್ಲ.

ಕ್ರಿ.ಪೂ. 88ರಲ್ಲಿ ಪೂರ್ವದ ಯುದ್ಧದ ನಾಯಕತ್ವ ಸುಲ್ಲನಿಗೆ ಸಿಕ್ಕಿತ್ತು. ಹಿಂದೆ ಆಫ್ರಿಕಾದಲ್ಲಿ ಮಾರಿಯಸ್‌ನ ಕೈಕೆಳಗೇ ಇದ್ದವನು ಈ ಸುಲ್ಲ. 70ರ ಹತ್ತಿರ ಬಂದಿದ್ದ ಮಾರಿಯಸ್ ಆ ನಾಯಕತ್ವವನ್ನ ತನ್ನ ಹೆಸರಿಗೆ ಮಾಡಿಸಿಕೊಂಡ. ಯಾಕೆ ಬೇಕಿತ್ತೋ! ಅವನು ಕಳಿಸಿದ ಅಧಿಕಾರಿಗಳನ್ನ ಸುಲ್ಲನ ಸೈನಿಕರು ಕಲ್ಲು ಹೊಡೆದು ಕೊಂದರು. ಯುದ್ಧದ ಲಾಭ ಕೈತಪ್ಪುತ್ತೆ ಅನ್ನೋ ಭಯ ಅವರಿಗೆ. ಸುಲ್ಲ ಸೈನ್ಯ ಸಮೇತ ರೋಮ್ ಮೇಲೇ ನಡೆದ. ಸುಲ್ಲನ ಅಧಿಕಾರಿಗಳಲ್ಲಿ ಒಬ್ಬನನ್ನ ಬಿಟ್ಟು ಉಳಿದವರೆಲ್ಲ ಹಿಂದೆ ಸರಿದರು, ಸಾಮಾನ್ಯ ಸೈನಿಕರು ಸರಿಯಲಿಲ್ಲ.

ಮಾರಿಯಸ್ ಓಡಿಹೋಗಿ ಮಿಂಟುರ್ನೆಯ ಜೌಗಿನಲ್ಲಿ ಅಡಗಿದ, ಅಲ್ಲಿಂದ ಆಫ್ರಿಕಾ ಸೇರಿದ. ಮರುವರ್ಷ ವಾಪಸ್ ಬಂದು ವಿರೋಧಿಗಳನ್ನ ಕೊಲ್ಲಿಸಿದ. ಆ ಭಾಗ ಓದೋಕೆ ಹಿಂಸೆ ಆಗುತ್ತೆ. ಕ್ರಿ.ಪೂ. 86ರ ಜನವರಿಯಲ್ಲಿ 7ನೇ ಸಲ ಕಾನ್ಸಲ್ ಆಗಿ, ಮೂರು ವಾರವೂ ಕಳೆಯದೆ ತೀರಿಕೊಂಡ. ಆಮೇಲೆ ಗೆದ್ದು ಬಂದ ಸುಲ್ಲ ಅವನ ಅವಶೇಷಗಳನ್ನ ಸಮಾಧಿಯಿಂದ ತೆಗೆಸಿ ಆನಿಯೋ ನದಿಗೆ ಚೆಲ್ಲಿಸಿದ.