ನಡೆಯಲಾರದ ಮಕ್ಕಳ ವೈದ್ಯ

ನೀವು ಕುಳಿತಲ್ಲಿಂದ ಏಳುತ್ತೀರಿ, ನಾಲ್ಕು ಹೆಜ್ಜೆ ನಡೆದು ಕೊಡದಿಂದ ನೀರು ಬಗ್ಗಿಸಿಕೊಂಡು ಕುಡಿಯುತ್ತೀರಿ. ಇಷ್ಟು ಸಣ್ಣ ಕೆಲಸಕ್ಕೂ ನಿಮ್ಮ ಮಿದುಳು ಎಷ್ಟೋ ಸ್ನಾಯುಗಳಿಗೆ ಆಜ್ಞೆ ಕೊಡಬೇಕು. ಯಾವುದು ಬಿಗಿಯಬೇಕು, ಯಾವುದು ಸಡಿಲವಾಗಬೇಕು ಎಂಬುದನ್ನು ಅದು ನಿಮಗೆ ತಿಳಿಯದಂತೆಯೇ ನಿರ್ಧರಿಸುತ್ತದೆ. ಕೆಲವು ಮಕ್ಕಳಲ್ಲಿ ಈ ಏರ್ಪಾಡು ಕೆಡುತ್ತದೆ. ಹುಟ್ಟುವ ಮೊದಲು, ಹುಟ್ಟುವಾಗ ಅಥವಾ ಹುಟ್ಟಿದ ಸ್ವಲ್ಪ ಕಾಲದಲ್ಲಿ ಎಳೆಯ ಮಿದುಳಿಗೆ ಹಾನಿಯಾದರೆ ಕೈಕಾಲುಗಳು ಸೆಟೆದುಕೊಳ್ಳುತ್ತವೆ, ನಡಿಗೆ ಕಷ್ಟವಾಗುತ್ತದೆ, ಕೆಲವರಿಗೆ ಮಾತೂ ತೊಡರುತ್ತದೆ. ಇದನ್ನು ಸೆರೆಬ್ರಲ್ ಪಾಲ್ಸಿ ಅಥವಾ ಮಿದುಳಿನ ಪಾರ್ಶ್ವವಾಯು ಎನ್ನುತ್ತಾರೆ. ಇಂಥ ಮಕ್ಕಳನ್ನು ತಾಳ್ಮೆಯಿಂದ ಗಮನಿಸಿ, ಅವರ ತೊಂದರೆಗೆ ಕಾರಣ ಹುಡುಕಿದ ವೈದ್ಯರಲ್ಲಿ ಮೊದಲಿಗರು ಇಂಗ್ಲೆಂಡಿನ ವಿಲಿಯಂ ಜಾನ್ ಲಿಟಲ್.

ವಿಲಿಯಂ ಹುಟ್ಟಿದ್ದು 1810ರಲ್ಲಿ, ಲಂಡನ್ ನಗರದಲ್ಲಿ. ತಂದೆತಾಯಿ ಅಲ್ಲಿ ಒಂದು ವಸತಿಗೃಹ ನಡೆಸುತ್ತಿದ್ದರು. ಚಿಕ್ಕಂದಿನಲ್ಲೇ ಅವನಿಗೆ ಪೋಲಿಯೊ ತಗಲಿತು. ಜೀವ ಉಳಿಯಿತು, ಆದರೆ ಎಡಪಾದ ಸೊಟ್ಟಗಾಯಿತು. ಹಿಮ್ಮಡಿ ನೆಲ ಮುಟ್ಟುತ್ತಿರಲಿಲ್ಲ. ಓರಗೆಯವರು ಓಡಿ ಆಡುವಾಗ ಅವನು ಕುಂಟುತ್ತ ನಡೆಯಬೇಕಾಗಿತ್ತು. ತನ್ನ ಕಾಲನ್ನು ಸರಿಪಡಿಸುವ ದಾರಿ ಎಲ್ಲಿಯಾದರೂ ಸಿಕ್ಕೀತೆಂಬ ಆಸೆಯೂ ಅವನನ್ನು ವೈದ್ಯವಿದ್ಯೆಯ ಕಡೆಗೆ ಎಳೆಯಿತು. ಹದಿನಾರನೆಯ ವಯಸ್ಸಿಗೆ ಔಷಧಿ ತಯಾರಕರೊಬ್ಬರ ಬಳಿ ಕೆಲಸ ಕಲಿಯಲು ಸೇರಿದ ಅವನು, 1828ರಲ್ಲಿ ಲಂಡನ್ ಆಸ್ಪತ್ರೆಯ ವಿದ್ಯಾರ್ಥಿಯಾದನು.

ಆ ಕಾಲದ ಶಸ್ತ್ರಚಿಕಿತ್ಸೆ ಹೇಗಿತ್ತೆಂದು ನೀವು ಊಹಿಸಿಕೊಳ್ಳಿ. ಅರಿವಳಿಕೆಯ ಔಷಧ ಇನ್ನೂ ಬಳಕೆಗೆ ಬಂದಿರಲಿಲ್ಲ. ಗಾಯ ಕೀವಾಗುವುದು ರೋಗಾಣುಗಳಿಂದ ಎಂಬುದು ಗೊತ್ತಿರಲಿಲ್ಲ. ಸೊಟ್ಟಪಾದ ನೇರವಾಗಬೇಕಾದರೆ ಹಿಮ್ಮಡಿಯ ಮೇಲಿನ ಬಿಗಿದ ಸ್ನಾಯುರಜ್ಜನ್ನು ಕತ್ತರಿಸಿ ಸಡಿಲಿಸಬೇಕು. ಫ್ರಾನ್ಸಿನ ಡೆಲ್‌ಪೆಷ್ ಎಂಬ ವೈದ್ಯರು 1816ರಲ್ಲಿ ಇದನ್ನು ಮಾಡಿದ್ದರು. ಆದರೆ ಗಾಯ ಕೆಟ್ಟದ್ದರಿಂದ ಮತ್ತೆ ಆ ಪ್ರಯತ್ನಕ್ಕೆ ಕೈ ಹಾಕಲಿಲ್ಲ. ಹೀಗಾಗಿ ಲಂಡನ್ನಿನ ವೈದ್ಯರು ಲಿಟಲ್ ಅವರಿಗೆ ಧೈರ್ಯ ಹೇಳಲಿಲ್ಲ.

ಜರ್ಮನಿಯ ಹ್ಯಾನೋವರ್ ನಗರದಲ್ಲಿ ಲೂಯಿ ಸ್ಟ್ರೋಮೇಯರ್ ಎಂಬ ಶಸ್ತ್ರವೈದ್ಯರಿದ್ದರು. ಅವರು ಚರ್ಮದಲ್ಲಿ ಸಣ್ಣ ರಂಧ್ರ ಮಾಡಿ, ಅದರೊಳಗಿಂದಲೇ ತೆಳುವಾದ ಕತ್ತಿ ತೂರಿಸಿ ಸ್ನಾಯುರಜ್ಜನ್ನು ಕತ್ತರಿಸುತ್ತಿದ್ದರು. ಗಾಯ ಚಿಕ್ಕದಾದ್ದರಿಂದ ಕೀವಾಗುವ ಭಯ ಕಡಿಮೆ. ಅನಂತರ ಪಾದವನ್ನು ಸಾಧನಕ್ಕೆ ಕಟ್ಟಿ ಮೆಲ್ಲಮೆಲ್ಲನೆ ಸರಿಯಾದ ನಿಲುವಿಗೆ ತರುತ್ತಿದ್ದರು. ಲಿಟಲ್ ಅವರನ್ನು ಹುಡುಕಿಕೊಂಡು ಹೋದರು. 1836ರ ಜೂನ್ ತಿಂಗಳಲ್ಲಿ, ತಮ್ಮ 25ನೆಯ ವಯಸ್ಸಿನಲ್ಲಿ, ಶಸ್ತ್ರಕ್ರಿಯೆಗೆ ಕಾಲು ಒಡ್ಡಿದರು. ಪಾದ ನೇರವಾಯಿತು!

ಗುಣವಾಯಿತೆಂದು ಅವರು ಸುಮ್ಮನೆ ಊರಿಗೆ ಮರಳಲಿಲ್ಲ. ಗುರುವಿನಿಂದ ಆ ವಿಧಾನವನ್ನು ಕಲಿತು, ಬರ್ಲಿನ್ ವಿಶ್ವವಿದ್ಯಾಲಯಕ್ಕೆ ಸೊಟ್ಟಪಾದದ ಬಗ್ಗೆಯೇ ಪ್ರಬಂಧ ಬರೆದು ಪದವಿ ಪಡೆದರು. 1837ರಲ್ಲಿ ಲಂಡನ್ನಿನಲ್ಲಿ ತಾವೇ ಈ ಚಿಕಿತ್ಸೆ ಆರಂಭಿಸಿದರು. 1840ರ ವೇಳೆಗೆ ಅಂಗಗಳ ಊನವುಳ್ಳವರಿಗಾಗಿಯೇ ಒಂದು ಸಂಸ್ಥೆ ಅವರ ಶ್ರಮದಿಂದ ತಲೆಯೆತ್ತಿತು. ಮುಂದೆ ಅದು ರಾಯಲ್ ಆರ್ಥೋಪೆಡಿಕ್ ಆಸ್ಪತ್ರೆ ಎಂದು ಹೆಸರಾಯಿತು. ತಮ್ಮ ಮಗನೊಬ್ಬನಿಗೆ ಅವರು ಇಟ್ಟ ಹೆಸರು ಲೂಯಿ ಸ್ಟ್ರೋಮೇಯರ್ ಲಿಟಲ್. ಗುರುವಿನ ಋಣವನ್ನು ಅವರು ಮರೆಯಲಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಚಿಕಿತ್ಸೆಗೆ ಬರುತ್ತಿದ್ದ ಮಕ್ಕಳಲ್ಲಿ ಎಲ್ಲರ ತೊಂದರೆಯೂ ಒಂದೇ ಬಗೆಯದಾಗಿರಲಿಲ್ಲ. ಕೆಲವರ ಎರಡು ಕಾಲುಗಳೂ ಮರದಂತೆ ಬಿಗಿದಿರುತ್ತಿದ್ದವು. ನಿಲ್ಲಿಸಿದರೆ ಮೊಣಕಾಲುಗಳು ಒಂದಕ್ಕೊಂದು ತಾಗುತ್ತಿದ್ದವು, ಕಾಲುಗಳು ಕತ್ತರಿಯಂತೆ ಹೆಣೆದುಕೊಳ್ಳುತ್ತಿದ್ದವು. ಇದು ಪೋಲಿಯೊ ಅಲ್ಲವೆಂದು ಲಿಟಲ್ ಕಂಡುಕೊಂಡರು. ಪೋಲಿಯೊದಲ್ಲಿ ಸ್ನಾಯು ಸೊರಗಿ ಸಡಿಲವಾಗುತ್ತದೆ. ಇಲ್ಲಿ ಸೆಟೆದು ನಿಲ್ಲುತ್ತದೆ. ಮಗು ಹೇಗೆ ಹುಟ್ಟಿತೆಂದು ಅವರು ವಿಚಾರಿಸತೊಡಗಿದರು. ಉತ್ತರಗಳಲ್ಲಿ ಹೋಲಿಕೆ ಕಾಣಿಸಿತು. ಕೆಲವರು ತಿಂಗಳು ತುಂಬುವ ಮೊದಲೇ ಹುಟ್ಟಿದವರು, ಕೆಲವರದು ಕಷ್ಟದ ಹೆರಿಗೆ, ಇನ್ನು ಕೆಲವರು ಹುಟ್ಟಿದೊಡನೆ ಉಸಿರಾಡದೆ ಇದ್ದವರು.

ಹಲವು ವರ್ಷಗಳ ಈ ವಿವರಗಳನ್ನು ಒಟ್ಟುಗೂಡಿಸಿ, 1861ರ ಅಕ್ಟೋಬರ್ 2ರಂದು ಲಂಡನ್ನಿನ ಹೆರಿಗೆ ವೈದ್ಯರ ಸಂಘದ ಮುಂದೆ ಲಿಟಲ್ ಒಂದು ಪ್ರಬಂಧ ಓದಿದರು. ಹುಟ್ಟುವ ಹೊತ್ತಿನ ತೊಂದರೆಯಿಂದ ಮಿದುಳು, ನರಮಂಡಲಗಳಿಗೆ ಹಾನಿಯಾಗಿ ಕೈಕಾಲುಗಳು ಬಿಗಿಯಬಹುದು ಎಂಬುದು ಅದರ ತಿರುಳು. ಅದರಲ್ಲಿ ಇನ್ನೊಂದು ಮುಖ್ಯ ವಿಷಯವೂ ಇತ್ತು. ಕೈಕಾಲು ಸ್ವಾಧೀನದಲ್ಲಿಲ್ಲದ ಮಗುವಿಗೆ ಬುದ್ಧಿಯೂ ಇಲ್ಲವೆಂದು ತಿಳಿಯಬಾರದು. ಕೆಲವರಿಗೆ ಕಲಿಕೆ ಕಷ್ಟವಾದರೂ ಎಷ್ಟೋ ಮಕ್ಕಳ ಬುದ್ಧಿಗೆ ಕುಂದಿರುವುದಿಲ್ಲ. ಚಿಕಿತ್ಸೆ, ವ್ಯಾಯಾಮ, ತರಬೇತಿಗಳಿಂದ ಅವರ ಸ್ಥಿತಿ ಸುಧಾರಿಸಬಲ್ಲದೆಂದೂ ಅವರು ತೋರಿಸಿದರು. ಈ ಸ್ಥಿತಿಗೆ ಬಹುಕಾಲ ಲಿಟಲ್ ಕಾಯಿಲೆ ಎಂಬ ಹೆಸರೇ ಇತ್ತು. 1894ರಲ್ಲಿ ಅವರು ತೀರಿಕೊಂಡರು.

ಅವರು ಹೇಳಿದ್ದೆಲ್ಲ ಕೊನೆಯ ಮಾತಾಯಿತೆ? ಇಲ್ಲ. ಮುಂದೆ ಮನೋವಿಜ್ಞಾನಿಯಾಗಿ ಪ್ರಸಿದ್ಧರಾದ ಸಿಗ್ಮಂಡ್ ಫ್ರಾಯ್ಡ್ 1897ರಲ್ಲಿ ಬೇರೊಂದು ವಿಚಾರ ಮುಂದಿಟ್ಟರು. ಗರ್ಭದಲ್ಲೇ ಮಿದುಳಿನ ಬೆಳವಣಿಗೆಗೆ ತೊಂದರೆಯಾಗಿರಬಹುದು, ಕಷ್ಟದ ಹೆರಿಗೆ ಅದರ ಲಕ್ಷಣವೂ ಆಗಿರಬಹುದು ಎಂದರು. ಬಹಳ ಮಕ್ಕಳಲ್ಲಿ ಹಾನಿ ಹೆರಿಗೆಗೆ ಮೊದಲೇ ಆಗಿರುತ್ತದೆಂದು ಇಂದಿನ ಸಂಶೋಧನೆಗಳೂ ಹೇಳುತ್ತವೆ. ಆದರೆ ತಿಂಗಳು ತುಂಬದೆ ಹುಟ್ಟುವುದು ದೊಡ್ಡ ಅಪಾಯವೆಂಬ ಲಿಟಲ್ ಅವರ ಮಾತು ಇಂದಿಗೂ ನಿಂತಿದೆ. ಒಬ್ಬರ ಕೆಲಸವನ್ನು ಮತ್ತೊಬ್ಬರು ತಿದ್ದುತ್ತ ಹೋಗುವುದೇ ವಿಜ್ಞಾನದ ದಾರಿ.

ಮಿದುಳಿಗಾದ ಹಾನಿ ಹೆಚ್ಚುತ್ತ ಹೋಗುವುದಿಲ್ಲ. ಆದರೆ ಮಗು ಬೆಳೆದಂತೆ ಬಿಗಿದ ಸ್ನಾಯುಗಳು ಮೂಳೆಯ ಉದ್ದಕ್ಕೆ ಸರಿಯಾಗಿ ಬೆಳೆಯುವುದಿಲ್ಲ, ಕೀಲುಗಳು ಮಡಿಸಿಕೊಳ್ಳುತ್ತವೆ. ಆದ್ದರಿಂದಲೇ ವ್ಯಾಯಾಮ, ಕಾಲಿಗೆ ಆಧಾರ ಕೊಡುವ ಪಟ್ಟಿ, ಕೆಲವೊಮ್ಮೆ ಶಸ್ತ್ರಚಿಕಿತ್ಸೆ ಬೇಕಾಗುತ್ತವೆ. 1997ರಲ್ಲಿ ಸಂಶೋಧಕರು ಇಂಥ ಮಕ್ಕಳ ಚಲನೆಯನ್ನು ಐದು ಹಂತಗಳಾಗಿ ವಿಂಗಡಿಸಿದರು. ಮೊದಲ ಹಂತದ ಮಗು ಆಧಾರವಿಲ್ಲದೆ ನಡೆಯುತ್ತದೆ. ಐದನೆಯ ಹಂತದ ಮಗುವನ್ನು ಗಾಲಿಕುರ್ಚಿಯಲ್ಲಿ ಕರೆದೊಯ್ಯಬೇಕು. ಮಗು ದಿನನಿತ್ಯ ತಾನಾಗಿ ಏನು ಮಾಡಬಲ್ಲದು ಎಂಬುದೇ ಈ ವಿಂಗಡಣೆಗೆ ಆಧಾರ.

ಮನೆಯಲ್ಲಿ ಇಂಥ ಮಗು ಹುಟ್ಟಿದಾಗ ಹಿಂದಿನ ಜನ್ಮದ ಪಾಪವೆಂದೋ ತಾಯಿಯ ತಪ್ಪೆಂದೋ ಹೇಳುವವರು ಇಂದೂ ಇದ್ದಾರೆ. ನೀವು ಅಂಥ ಮಾತು ಕೇಳಿದರೆ ಅದು ಸರಿಯಲ್ಲವೆಂದು ತಿಳಿಸಿ ಹೇಳಿ. ನಮ್ಮ ದೇಶದ 2016ರ ಕಾಯಿದೆ ಇಂಥ ಮಕ್ಕಳಿಗೂ ಎಲ್ಲರೊಡನೆ ಕಲಿಯುವ ಹಕ್ಕನ್ನು ಕೊಟ್ಟಿದೆ. ನಿಮ್ಮ ತರಗತಿಗೆ ಅಂಥ ಗೆಳೆಯನೋ ಗೆಳತಿಯೋ ಬಂದಾಗ ಅವರು ಉತ್ತರ ಹೇಳಿ ಮುಗಿಸುವವರೆಗೆ ಕಾಯಿರಿ. ಮಾತು ತಡವಾಗಿ ಬಂದೀತು, ಉತ್ತರ ಸರಿಯಾಗಿಯೇ ಇದ್ದೀತು.